ಎಳೆಯ ಕ್ವೇಸಾರ್‌ನ ಕ್ಷ-ಕಿರಣ ಎಲ್ಲಿಂದ ಬರುತ್ತದೆ?

ಈ ಸಲದ ವಿಜ್ಞಾನ ಪ್ರಶ್ನೋತ್ತರಕ್ಕೆ ಕೊಡಗಿನಿಂದ ಬಂದ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಎಲ್ಲವೂ ಕ್ವೇಸಾರ್‌ಗಳ ಬಗ್ಗೆಯೇ ಇವೆ. ದೂರದ ಗ್ಯಾಲಕ್ಸಿಯ ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುಕುಳಿ ಇದ್ದು, ಅದರೊಳಗೆ ಅನಿಲ ಸುತ್ತಿ ಸುತ್ತಿ ಬೀಳುವಾಗ ಹೊಮ್ಮುವ ಬೆಳಕಿಗೆ ಕ್ವೇಸಾರ್ ಎನ್ನುತ್ತೇವೆ. ಹತ್ತರಲ್ಲಿ ಒಂದರಷ್ಟು ಕ್ವೇಸಾರ್‌ಗಳು ರೇಡಿಯೊ ಅಲೆಗಳಲ್ಲೂ ಜೋರಾಗಿರುತ್ತವೆ. ಅಂಥವುಗಳಲ್ಲಿ ಕಪ್ಪುಕುಳಿಯ ಎರಡೂ ಕಡೆಗೆ ಕಣಗಳ ಜೆಟ್ ಚಿಮ್ಮುತ್ತಿರುತ್ತದೆ. ಇಷ್ಟನ್ನು ತಿಳಿದುಕೊಂಡು ಮುಂದೆ ಓದಬಹುದು.

ಪ್ರಶ್ನೆ: ಎಂಟುನೂರು ಕೋಟಿ ವರ್ಷದ ಹಿಂದೆ ಹೊರಟ ಬೆಳಕು ಎನ್ನುತ್ತೀರಿ, ಅದನ್ನೇ ‘ಎಳೆಯ’ ಕ್ವೇಸಾರ್ ಎಂದೂ ಕರೆಯುತ್ತೀರಿ. ಇದು ಯಾವ ಲೆಕ್ಕ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ನಾಪೋಕ್ಲು

ನಿಮ್ಮ ಮನೆಯಲ್ಲಿ ಅಜ್ಜಿಯ ತೊಟ್ಟಿಲ ಫೋಟೊ ಇದ್ದರೆ ನೆನಪಿಸಿಕೊಳ್ಳಿ. ಫೋಟೊಗೆ ಎಪ್ಪತ್ತು ವರ್ಷ, ಅದರಲ್ಲಿರುವ ಮಗುವಿಗೆ ಮೂರೇ ತಿಂಗಳು. ಎಂಟುನೂರು ಕೋಟಿ ವರ್ಷ ಎಂಬುದು ಫೋಟೊದ ವಯಸ್ಸು. ‘ಎಳೆಯ’ ಎನ್ನುವುದು ಬೆಳಕು ಹೊರಟ ಹೊತ್ತಿಗೆ ಜೆಟ್ ಹುಟ್ಟಿ ಎಷ್ಟು ಕಾಲವಾಗಿತ್ತು ಎಂಬುದಕ್ಕೆ. ಕಪ್ಪುಕುಳಿ ಹಳೆಯದೇ ಇರಬಹುದು, ಗ್ಯಾಲಕ್ಸಿಯೂ ಹಳೆಯದೇ. ಎಳೆಯದಾಗಿರುವುದು ಜೆಟ್ ಮಾತ್ರ.

ಜೆಟ್‌ನ ವಯಸ್ಸನ್ನು ಅಳೆಯುವ ನೇರ ದಾರಿ ಒಂದಿದೆ. ಜೆಟ್ ಎದುರಿನ ಅನಿಲಕ್ಕೆ ಗುದ್ದುವ ಎರಡು ತುದಿಗಳು ರೇಡಿಯೊದಲ್ಲಿ ಹೊಳೆಯುತ್ತವೆ. ಖಂಡದಿಂದ ಖಂಡಕ್ಕೆ ಹರಡಿರುವ ರೇಡಿಯೊ ಡಿಶ್‌ಗಳನ್ನು ಒಟ್ಟುಗೂಡಿಸಿ ವರ್ಷಗಟ್ಟಲೆ ಚಿತ್ರ ತೆಗೆದರೆ ಆ ತುದಿಗಳು ದೂರ ಸರಿಯುವುದು ಕಾಣುತ್ತದೆ. ತುದಿಗಳ ನಡುವೆ 300 ಜ್ಯೋತಿರ್ವರ್ಷ ಅಂತರವಿದ್ದು, ಆ ಅಂತರ ಬೆಳಕಿನ ವೇಗದ ಐದನೇ ಒಂದು ಪಾಲಿನಲ್ಲಿ ಹಿಗ್ಗುತ್ತಿದೆ ಎಂದುಕೊಳ್ಳಿ. 300ನ್ನು 0.2ರಿಂದ ಭಾಗಿಸಿದರೆ 1,500 ವರ್ಷ. ದೊಡ್ಡ ರೇಡಿಯೊ ಗ್ಯಾಲಕ್ಸಿಗಳ ಜೆಟ್‌ಗಳಿಗೆ ಒಂದರಿಂದ ಹತ್ತು ಕೋಟಿ ವರ್ಷ ವಯಸ್ಸಾಗಿರುತ್ತದೆ. ಅವುಗಳ ಮುಂದೆ ಇದು ಹಸುಗೂಸು.

ಇನ್ನೊಂದು ಗುರುತು ರೇಡಿಯೊ ರೋಹಿತದಲ್ಲೇ, ಎಂದರೆ ಯಾವ ಆವರ್ತನದಲ್ಲಿ ಎಷ್ಟು ಹೊಳಪು ಎಂಬ ನಕ್ಷೆಯಲ್ಲೇ, ಸಿಗುತ್ತದೆ. ಚಿಕ್ಕ ಜಾಗದಲ್ಲಿ ಎಲೆಕ್ಟ್ರಾನ್‌ಗಳು ಒತ್ತಾಗಿ ತುಂಬಿದ್ದರೆ, ಕಡಿಮೆ ಆವರ್ತನದ ಅಲೆಗಳನ್ನು ಹೊಮ್ಮಿಸಿದ ಎಲೆಕ್ಟ್ರಾನ್‌ಗಳೇ ಅವನ್ನು ಹೀರಿಕೊಳ್ಳುತ್ತವೆ. ಹಾಗಾಗಿ ರೋಹಿತ ಒಂದು ಕಡೆ ಗುಡ್ಡದಂತೆ ಎದ್ದು, ಅಲ್ಲಿಂದ ಕೆಳಗಿನ ಆವರ್ತನದಲ್ಲಿ ಕುಸಿಯುತ್ತದೆ. ಗುಡ್ಡ ಒಂದು ಗಿಗಾಹರ್ಟ್ಸ್ ಆಸುಪಾಸಿನಲ್ಲಿದ್ದರೆ ಆಕರದ ಅಗಲ ಸುಮಾರು 3,000 ಜ್ಯೋತಿರ್ವರ್ಷದೊಳಗೆ ಇರುತ್ತದೆ. ಜೆಟ್ ಬೆಳೆದಂತೆ ಗುಡ್ಡ ಕೆಳಗಿನ ಆವರ್ತನಕ್ಕೆ ಜಾರುತ್ತದೆ. 60,000 ಜ್ಯೋತಿರ್ವರ್ಷದವರೆಗೆ ಬೆಳೆದವುಗಳಲ್ಲಿ ಅದು ನೂರು ಮೆಗಾಹರ್ಟ್ಸ್ ಹತ್ತಿರ ಬಂದು ನಿಂತಿರುತ್ತದೆ.

ಇಷ್ಟರಲ್ಲಿ ಒಂದು ತೊಡಕಿದೆ. ಹುಟ್ಟಿದ ಜೆಟ್‌ಗಳೆಲ್ಲ ಕೋಟಿ ವರ್ಷ ಬಾಳುವುದಾದರೆ ಎಳೆಯವು ಬಹಳ ಅಪರೂಪವಾಗಿರಬೇಕಿತ್ತು. ಆದರೆ ಆಕಾಶದಲ್ಲಿ ಅವು ಲೆಕ್ಕಕ್ಕಿಂತ ಹೆಚ್ಚಾಗಿ ಸಿಗುತ್ತವೆ. ಸುತ್ತಲಿನ ದಟ್ಟ ಅನಿಲ ತಡೆದು ಕೆಲವು ಬೆಳೆಯದೆ ಉಳಿದಿರಬಹುದು ಎಂಬ ವಾದ ಹಳೆಯದು. ಹೆಚ್ಚಿನವು ಅರ್ಧದಾರಿಯಲ್ಲೇ ಆರಿಹೋಗುತ್ತವೆ, ಕೆಲವು ಆರಿ ಮತ್ತೆ ಹೊತ್ತುತ್ತವೆ ಎಂಬ ವಿವರಣೆ ಈಗ ಹೆಚ್ಚು ಒಪ್ಪಿಗೆಯಾಗುತ್ತದೆ. 1990ರ ದಶಕದ ರೇಡಿಯೊ ಸಮೀಕ್ಷೆಯಲ್ಲಿ ಸದ್ದೇ ಇಲ್ಲದಿದ್ದ ಕೆಲವು ಕ್ವೇಸಾರ್‌ಗಳು ಎರಡು ದಶಕಗಳ ನಂತರದ ಸಮೀಕ್ಷೆಯಲ್ಲಿ ಜೋರಾಗಿ ಕಂಡಿವೆ. ಮನುಷ್ಯನ ಆಯುಸ್ಸಿನೊಳಗೆ ಒಂದು ಜೆಟ್ ಹುಟ್ಟುವುದನ್ನು ನೋಡಲು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಜೆಟ್ ಇರುವ ಎಳೆಯ ಕ್ವೇಸಾರ್‌ನಿಂದ ಬರುವ ಕ್ಷ-ಕಿರಣ ಜೆಟ್‌ನದೇ ಎಂದು ಕೆಲವು ಕಡೆ ಓದಿದೆ, ಕಪ್ಪುಕುಳಿಯ ಪಕ್ಕದ ಕರೋನಾದ್ದು ಎಂದು ಇನ್ನು ಕೆಲವು ಕಡೆ. ಯಾವುದು ಸರಿ? ಹೇಗೆ ತೀರ್ಮಾನಿಸುತ್ತಾರೆ?
— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು, ವಿರಾಜಪೇಟೆ

ಸಾರ್, ಒಂದೇ ಉತ್ತರ ಎಲ್ಲ ಕ್ವೇಸಾರ್‌ಗಳಿಗೂ ಹೊಂದುವುದಿಲ್ಲ. ಆದರೆ ಜೆಟ್ ಕಂಡಿತು ಎಂದ ಮಾತ್ರಕ್ಕೆ ಕ್ಷ-ಕಿರಣವನ್ನೂ ಅದರ ಖಾತೆಗೇ ಬರೆಯುವುದು ತಪ್ಪು ಎಂದು ಖಚಿತವಾಗಿ ಹೇಳಬಹುದು. ಕ್ಷ-ಕಿರಣ ಹುಟ್ಟಬಹುದಾದ ಜಾಗಗಳು ನಾಲ್ಕಿವೆ.

ಮೊದಲು ಕರೋನಾ. ಕಪ್ಪುಕುಳಿಗೆ ಬೀಳುವ ಅನಿಲ ತಟ್ಟೆಯಾಕಾರದಲ್ಲಿ ಸುತ್ತುತ್ತಾ ಕಾದು ನೇರಳಾತೀತ ಬೆಳಕು ಕೊಡುತ್ತದೆ. ತಟ್ಟೆಯ ಒಳ ಅಂಚಿನ ಹತ್ತಿರ ನೂರು ಕೋಟಿ ಡಿಗ್ರಿ ಆಸುಪಾಸಿನ ತೆಳುವಾದ ಎಲೆಕ್ಟ್ರಾನ್ ಮೋಡ ಕವಿದಿರುತ್ತದೆ, ಅದೇ ಕರೋನಾ. ಗೋಣಿಕೊಪ್ಪದಲ್ಲೋ ನಾಪೋಕ್ಲುವಿನಲ್ಲೋ ಹಾಕಿ ಪಂದ್ಯ ನೋಡಿದವರಿಗೆ ಇಲ್ಲಿ ನಡೆಯುವುದನ್ನು ಹೇಳುವುದು ಸುಲಭ. ನಿಧಾನಕ್ಕೆ ಉರುಳಿ ಬರುವ ಚೆಂಡಿಗೆ ಎದುರಿನಿಂದ ಓಡಿಬಂದವನ ಕೋಲು ತಗುಲಿದರೆ ಅದು ಗೋಲಿನತ್ತ ಹಾರುತ್ತದೆ. ಚೆಂಡಿಗೆ ಸಿಕ್ಕಿದ ಬಲ ಕೋಲಿನದು. ಹಾಗೆಯೇ ತಟ್ಟೆಯಿಂದ ಬಂದ ಹತ್ತು ಎಲೆಕ್ಟ್ರಾನ್‌ವೋಲ್ಟ್ (ಶಕ್ತಿಯ ಅತಿ ಪುಟ್ಟ ಅಳತೆ) ಶಕ್ತಿಯ ಫೋಟಾನ್, ಎಂದರೆ ಬೆಳಕಿನ ಕಣ, ಕರೋನಾದ ಎಲೆಕ್ಟ್ರಾನ್‌ಗಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದು ಸಾವಿರಾರು ಎಲೆಕ್ಟ್ರಾನ್‌ವೋಲ್ಟ್‌ಗೆ ಏರುತ್ತದೆ. ಚೆಂಡಿನ ವೇಗ ಹೆಚ್ಚುತ್ತದೆ, ಫೋಟಾನ್‌ಗೆ ವೇಗ ಹೆಚ್ಚುವ ಮಾತಿಲ್ಲ, ಶಕ್ತಿ ಮಾತ್ರ ಹೆಚ್ಚುತ್ತದೆ. ಇದಕ್ಕೆ ವಿಲೋಮ ಕಾಂಪ್ಟನ್ ಚದುರಿಕೆ ಎಂದು ಹೆಸರು.

ಎರಡನೆಯದು ಜೆಟ್‌ನ ಬುಡ. ಇಲ್ಲಿ ಎಲೆಕ್ಟ್ರಾನ್‌ಗಳು ಇನ್ನೂ ಚುರುಕು, ಚೆಂಡುಗಳಿಗೂ ಬರವಿಲ್ಲ: ತಟ್ಟೆಯ ನೇರಳಾತೀತ ಬೆಳಕು, ಸುತ್ತಲಿನ ದೂಳು ಬಳೆಯ ಅವಕೆಂಪು ಬೆಳಕು, ಜೆಟ್ ತಾನೇ ಹೊಮ್ಮಿಸುವ ರೇಡಿಯೊ ಅಲೆಗಳು. ಎಳೆಯ ಜೆಟ್ ಇನ್ನೂ ಗ್ಯಾಲಕ್ಸಿಯ ಒಳಗೇ ಇರುವುದರಿಂದ ಈ ಬೆಳಕಿನಲ್ಲಿ ಮುಳುಗಿಯೇ ಇರುತ್ತದೆ. ಆದ್ದರಿಂದಲೇ ಜೆಟ್‌ನ ಪಾಲು ದೊಡ್ಡದಿರಬಹುದು ಎಂಬ ಊಹೆ ಬಂದದ್ದು. ಆದರೆ ಜೆಟ್ ಯಾವ ಕಡೆಗೆ ಮುಖ ಮಾಡಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೆಳಕಿನ ವೇಗದ 99.5 ಶೇಕಡಾದಲ್ಲಿ ನೇರ ನಮ್ಮತ್ತ ಬರುವ ಜೆಟ್‌ನ ಪ್ರತಿ ಫೋಟಾನ್ ನಮಗೆ ಸುಮಾರು 20 ಪಟ್ಟು ಶಕ್ತಿಯಲ್ಲಿ ತಲುಪುತ್ತದೆ. ಅದೇ ಜೆಟ್ 30 ಡಿಗ್ರಿ ಓರೆಯಾಗಿದ್ದರೆ 0.7 ಪಟ್ಟು. ಒಟ್ಟು ಹೊಳಪು ಈ ಸಂಖ್ಯೆಯ ಮೂರನೆಯದೋ ನಾಲ್ಕನೆಯದೋ ಘಾತದಂತೆ ಏರಿಳಿಯುವುದರಿಂದ, ಓರೆ ಜೆಟ್ ಎಷ್ಟೇ ಬಲಶಾಲಿಯಾಗಿದ್ದರೂ ಅದರ ಬೆಳಕು ನಮ್ಮ ಪಕ್ಕದಿಂದ ಹಾದುಹೋಗುತ್ತದೆ. ಜೆಟ್‌ಗೆ ಒಂದೇ ವೇಗ ಇರಬೇಕೆಂದೂ ಇಲ್ಲ. ನಡುವಿನ ತಿರುಳು ಜೋರಾಗಿಯೂ ಹೊರ ಪದರ ನಿಧಾನವಾಗಿಯೂ ಹರಿದರೆ, ಒಂದರ ಬೆಳಕು ಇನ್ನೊಂದರ ಎಲೆಕ್ಟ್ರಾನ್‌ಗಳಿಗೆ ಚೆಂಡಾಗಿ ಒದಗಿ ಕ್ಷ-ಕಿರಣ ಹೆಚ್ಚಬಹುದು.

ಮೂರನೆಯದು ಜೆಟ್‌ನ ತುದಿಯಲ್ಲಿ ಉಬ್ಬುವ ರೇಡಿಯೊ ಹಾಲೆಗಳು. ದೂಳಿನ ಅವಕೆಂಪು ಬೆಳಕು ಅಲ್ಲಿಯ ಎಲೆಕ್ಟ್ರಾನ್‌ಗಳಿಗೆ ಬಡಿದು ಕ್ಷ-ಕಿರಣವಾಗಬಲ್ಲದು. ನೋಡಿದ ಕ್ಷ-ಕಿರಣವೆಲ್ಲ ಹಾಲೆಯದೇ ಎಂದು ಹಟ ಹಿಡಿದರೆ, ಅಲ್ಲಿ ಕಾಂತಕ್ಷೇತ್ರದ ಶಕ್ತಿಗಿಂತ ಕಣಗಳ ಶಕ್ತಿ ಬಹುಪಟ್ಟು ಹೆಚ್ಚಿದೆ ಎಂದು ಒಪ್ಪಬೇಕಾಗುತ್ತದೆ. ಅದು ಅಸಾಧ್ಯವಲ್ಲ, ಆದರೆ ಬೆಲೆ ದುಬಾರಿ. ನಾಲ್ಕನೆಯದು, ಹಾಲೆಗಳು ಹಿಗ್ಗುವಾಗ ಸುತ್ತಲಿನ ಅನಿಲವನ್ನು ನೂಕಿ ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸುವುದು. ಇದು ಹರಡಿಕೊಂಡ ಮಸುಕು ಬೆಳಕಾಗಿರುತ್ತದೆ, ಬಿಂದುವಿನಂತೆ ಕಾಣುವುದಿಲ್ಲ.

ಈಗ ತೀರ್ಮಾನಿಸುವ ಬಗೆ. ದೂರದರ್ಶಕದಿಂದ ಜಾಗ ನೋಡಿದರಾಯಿತಲ್ಲ ಎನಿಸಬಹುದು. ಕ್ಷ-ಕಿರಣದಲ್ಲಿ ಅತಿ ಚೂಪು ಕಣ್ಣು 1999ರ ಜುಲೈನಲ್ಲಿ ಹಾರಿದ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ವೀಕ್ಷಣಾಲಯದ್ದು. ಅದು ಅರ್ಧ ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಪಾಲು) ಸೂಕ್ಷ್ಮವಾಗಿ ನೋಡುತ್ತದೆ. ವಿಶ್ವ ಹಿಗ್ಗುವುದರಿಂದ ದೂರದ ಬೆಳಕಿನ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆಗೆ ಕೆಂಪುಪಲ್ಲಟ ಎನ್ನುತ್ತಾರೆ, ಅದು ಹೆಚ್ಚಿದಷ್ಟೂ ದೂರ ಹೆಚ್ಚು. ಆದರೆ ಕೆಂಪುಪಲ್ಲಟ 1ರ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ 26,000 ಜ್ಯೋತಿರ್ವರ್ಷ. 3,000 ಜ್ಯೋತಿರ್ವರ್ಷದ ಎಳೆಯ ಆಕರವೆಲ್ಲ ಅದರ ಒಂದು ಪಿಕ್ಸೆಲ್‌ನೊಳಗೆ ಅಡಗಿಹೋಗುತ್ತದೆ. ಮಡಿಕೇರಿಯ ಘಾಟಿಯಲ್ಲಿ ದಟ್ಟ ಮಂಜಿನ ರಾತ್ರಿ ಎದುರಿನಿಂದ ಬರುವ ವಾಹನದ ಎರಡು ಹೆಡ್‌ಲೈಟ್ ಒಂದೇ ಬೆಳಕಿನ ಉಂಡೆಯಾಗಿ ಕಾಣುವಂತೆ, ಕರೋನಾ, ಜೆಟ್, ಹಾಲೆ ಮೂರೂ ಒಂದೇ ಚುಕ್ಕಿ. ಆದ್ದರಿಂದ ಪರೋಕ್ಷ ಸಾಕ್ಷ್ಯಗಳನ್ನೇ ಜೋಡಿಸಬೇಕು.

ರೋಹಿತದ ಇಳಿಜಾರು ಮುಖ್ಯ ಸಾಕ್ಷಿ. ಶಕ್ತಿ ಹೆಚ್ಚಿದಂತೆ ಫೋಟಾನ್‌ಗಳ ಸಂಖ್ಯೆ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಫೋಟಾನ್ ಘಾತ ಎಂಬ ಒಂದು ಅಂಕಿಯಲ್ಲಿ ಹೇಳುತ್ತಾರೆ. ಕರೋನಾಗೆ ಅದು 1.9ರ ಸುತ್ತ, ನಮ್ಮತ್ತ ತಿರುಗಿದ ಜೆಟ್‌ಗೆ 1.5ರ ಸುತ್ತ. ಆಮೇಲೆ ಕಬ್ಬಿಣದ ಗೆರೆ. ಕರೋನಾದ ಕ್ಷ-ಕಿರಣ ಪಕ್ಕದ ತಣ್ಣನೆಯ ಅನಿಲಕ್ಕೆ ಬಿದ್ದರೆ ಕಬ್ಬಿಣದ ಪರಮಾಣುಗಳು 6.4 ಕಿಲೊ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹೊಳೆಯುತ್ತವೆ. ಜೆಟ್ ತನ್ನ ಬೆಳಕನ್ನು ತಟ್ಟೆಯಿಂದ ಆಚೆಗೆ ಚೆಲ್ಲುವುದರಿಂದ ಈ ಗೆರೆಯನ್ನು ಎಬ್ಬಿಸುವುದಿಲ್ಲ, ಇರುವ ಗೆರೆಯನ್ನೂ ತನ್ನ ಹೊಳಪಿನಲ್ಲಿ ಮಸುಕಾಗಿಸುತ್ತದೆ. ಗೆರೆ ಸ್ಪಷ್ಟವಾಗಿ ಕಂಡರೆ ಕರೋನಾದ ಪಾಲು ದೊಡ್ಡದು.

ಏರಿಳಿತವೂ ಮಾತಾಡುತ್ತದೆ. ತೋಟದ ಮನೆಗಳಲ್ಲಿ ಮಳೆ ಲೆಕ್ಕವನ್ನು ಇಂಚು, ಸೆಂಟುಗಳಲ್ಲಿ ದಿನದಿನವೂ ಪುಸ್ತಕಕ್ಕೆ ಬರೆದಿಡುವ ರೂಢಿ ಇದೆಯಲ್ಲ, ಕ್ವೇಸಾರ್‌ನ ಹೊಳಪಿಗೂ ಅಂಥದೇ ಪುಸ್ತಕ ಬೇಕು. ಹೊಳಪು ದಿನಗಳಲ್ಲಿ ಬದಲಾಯಿತೆಂದರೆ ಆಕರ ಕೆಲವು ಬೆಳಕಿನ ದಿನಗಳಿಗಿಂತ ದೊಡ್ಡದಿರಲಾರದು. ಸಾವಿರಾರು ಜ್ಯೋತಿರ್ವರ್ಷದ ಹಾಲೆ ಹಾಗೆ ಮಿನುಗುವುದು ಸಾಧ್ಯವೇ ಇಲ್ಲ. ಆದರೆ ಕರೋನಾ ಮತ್ತು ಜೆಟ್‌ನ ಬುಡ ಎರಡೂ ಮಿನುಗಬಲ್ಲವು. ಅವೆರಡನ್ನು ಬೇರ್ಪಡಿಸಲು ಈ ಸಾಕ್ಷಿಯೊಂದೇ ಸಾಲದು.

ಕೊನೆಯದು ಹೋಲಿಕೆ. ಜೆಟ್ ಇಲ್ಲದ ಕ್ವೇಸಾರ್‌ಗಳಲ್ಲಿ ನೇರಳಾತೀತ ಹೊಳಪಿಗೂ ಕ್ಷ-ಕಿರಣ ಹೊಳಪಿಗೂ ಬಿಗಿಯಾದ ಸಂಬಂಧವಿದೆ. ಮೊದಲನೆಯದು ಹತ್ತು ಪಟ್ಟಾದರೆ ಎರಡನೆಯದು ಸುಮಾರು ನಾಲ್ಕು ಪಟ್ಟಾಗುತ್ತದೆ. ರೇಡಿಯೊ ಜೋರಿನವು ಈ ಗೆರೆಗಿಂತ ಸರಾಸರಿ ಮೂರು ಪಟ್ಟು ಮೇಲಿರುತ್ತವೆ. ಇದು 1980ರ ದಶಕದಿಂದಲೇ ಗೊತ್ತು, ಹೆಚ್ಚುವರಿ ಪಾಲನ್ನು ಜೆಟ್‌ಗೇ ಕೊಟ್ಟುಬಿಡುತ್ತಿದ್ದರು. 2020ರಲ್ಲಿ ಪ್ರಕಟವಾದ, ನೂರಾರು ಕ್ವೇಸಾರ್‌ಗಳ ಅಧ್ಯಯನ ಈ ಲೆಕ್ಕವನ್ನು ತಿರುಗಿಸಿತು. ಓರೆ ಜೆಟ್‌ನ ಕ್ವೇಸಾರ್‌ಗಳಲ್ಲಿ ಆ ಹೆಚ್ಚುವರಿಯೂ ಕರೋನಾದ್ದೇ ಎಂಬುದು ಅದರ ತೀರ್ಮಾನ. ನಮ್ಮತ್ತ ತಿರುಗಿದವುಗಳಲ್ಲೂ ಕೆಲವಕ್ಕೆ ಮಾತ್ರ ಜೆಟ್‌ನ ಪಾಲು ದೊಡ್ಡದು. ಎಂದರೆ ಜೋರಾದ ಕರೋನಾ ಇರುವಲ್ಲಿ ಜೋರಾದ ಜೆಟ್ ಹುಟ್ಟುತ್ತದೆ, ಎರಡಕ್ಕೂ ಬೇರು ಒಂದೇ ಕಾಂತಕ್ಷೇತ್ರದಲ್ಲಿರಬಹುದು. ನಮಗೆ ಈ ವಿವರಣೆ ಹೆಚ್ಚು ಮನಸ್ಸಿಗೆ ಹಿಡಿಸುತ್ತದೆ.

ಒಂದು ನಿದರ್ಶನ ಕೊಡುತ್ತೇವೆ. 3ಸಿ 186 ಎಂಬ ಕ್ವೇಸಾರ್‌ನ ಕೆಂಪುಪಲ್ಲಟ 1.06. ರೇಡಿಯೊದಲ್ಲಿ ಅದರ ಉದ್ದ ಎರಡೇ ಆರ್ಕ್‌ಸೆಕೆಂಡ್, ಸುಮಾರು 50,000 ಜ್ಯೋತಿರ್ವರ್ಷ. ಜೆಟ್‌ನ ವಯಸ್ಸು ಲಕ್ಷ ವರ್ಷಗಳ ಮಟ್ಟದ್ದು. ಅದು ಗ್ಯಾಲಕ್ಸಿಗಳ ಗುಂಪೊಂದರ ನಡುವೆ ಕುಳಿತಿದೆ, ಗುಂಪಿನ ಬಿಸಿ ಅನಿಲ ಚಂದ್ರಾ ಚಿತ್ರದಲ್ಲಿ ಕ್ವೇಸಾರ್‌ನ ಸುತ್ತ ಮಸುಕಾದ ಪ್ರಭೆಯಂತೆ ಹರಡಿದೆ. ಎಂದರೆ ಒಂದೇ ಚಿತ್ರದಲ್ಲಿ ಬಿಂದುವಿನ ಕ್ಷ-ಕಿರಣವೂ ಅನಿಲದ್ದೂ ಸೇರಿಕೊಂಡಿವೆ. ಫರ್ಮಿ ಉಪಗ್ರಹದ ಗಾಮಾ ಕಿರಣದಲ್ಲಿ ಇದು ಕಂಡಿಲ್ಲ. ಗಾಮಾ ಕಿರಣದಲ್ಲಿ ಕಂಡಿರುವ ಎಳೆಯ ಆಕರಗಳು ಒಟ್ಟಾರೆ ಬೆರಳೆಣಿಕೆಯಷ್ಟೇ. ಗಾಮಾ ಕಿರಣ ಕಾಣದಿರುವುದರಿಂದ ಜೆಟ್‌ಗೆ ಎಷ್ಟು ಪಾಲು ಕೊಡಬಹುದೆಂಬುದಕ್ಕೆ ಒಂದು ಮೇಲ್ಮಿತಿ ಸಿಗುತ್ತದೆ.

ಪ್ರಶ್ನೆ: ಈ ಕ್ಷ-ಕಿರಣ ನಮ್ಮ ತೋಟದ ಮೇಲೂ ಬೀಳುತ್ತದೆಯೇ? ಗಿಡಕ್ಕೆ, ಆಳುಗಳಿಗೆ ತೊಂದರೆಯೇ?
— ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಇಲ್ಲ. ಈ ಶಕ್ತಿಯ ಕ್ಷ-ಕಿರಣಗಳನ್ನು ವಾತಾವರಣ ಬಹಳ ಮೇಲೆಯೇ ಹೀರಿಕೊಂಡುಬಿಡುತ್ತದೆ. ಅದಕ್ಕೇ ಇವನ್ನು ನೋಡಲು ಉಪಗ್ರಹ ಬೇಕು. ಇನ್ನು ಬರುವ ಪ್ರಮಾಣವಂತೂ ಅತಿ ಕಡಿಮೆ. ವಾತಾವರಣದ ಹೊರಗಿರುವ ಚಂದ್ರಾದ ಕನ್ನಡಿಗಳಿಗೇ ದೂರದ ಕ್ವೇಸಾರ್‌ನಿಂದ ಗಂಟೆಗಟ್ಟಲೆ ಕಾದರೂ ಕೆಲವೊಮ್ಮೆ ಹತ್ತಿಪ್ಪತ್ತು ಫೋಟಾನ್ ಸಿಗುತ್ತವೆ ಅಷ್ಟೇ. ನಿಶ್ಚಿಂತೆಯಿಂದಿರಿ.

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಚಂದ್ರಾದ ಸಾರ್ವಜನಿಕ ಸಂಗ್ರಹದಿಂದ ಒಂದು ಎಳೆಯ ಕ್ವೇಸಾರ್‌ನ ದತ್ತಾಂಶ ಇಳಿಸಿಕೊಂಡೆ. ಫೋಟಾನ್ ಘಾತ 1.2 ಬಂದಿದೆ. ಜೆಟ್ ಎಂದು ಬರೆದುಬಿಡಲೇ?
— ಎಂ.ಎಸ್ಸಿ. ವಿದ್ಯಾರ್ಥಿ, ಕುಶಾಲನಗರ

ಈಗಲೇ ಬರೆಯಬೇಡಿ. 1.2 ಜೆಟ್‌ಗೂ ತುಸು ಕಡಿಮೆಯೇ. ಇಷ್ಟು ಚಪ್ಪಟೆ ರೋಹಿತ ಬಂದಾಗ ಮೊದಲು ಸಂಶಯ ಪಡಬೇಕಾದ್ದು ಉಪಕರಣವನ್ನು.

ಪೈಲ್-ಅಪ್‌ನಿಂದ ಶುರು ಮಾಡಿ. ಚಂದ್ರಾದ ಏಸಿಸ್ ಕ್ಯಾಮೆರಾ ಪೂರ್ತಿ ಚೌಕಟ್ಟಿನಲ್ಲಿ 3.2 ಸೆಕೆಂಡಿಗೊಮ್ಮೆ ಚಿತ್ರ ಓದುತ್ತದೆ. ಆ 3.2 ಸೆಕೆಂಡಿನಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಎರಡನ್ನೂ ಕೂಡಿಸಿ ಒಂದೇ ದೊಡ್ಡ ಫೋಟಾನ್ ಎಂದು ಬರೆದುಕೊಳ್ಳುತ್ತದೆ. 1.5 ಮತ್ತು 2 ಕೆಇವಿ (ಕಿಲೊ ಎಲೆಕ್ಟ್ರಾನ್‌ವೋಲ್ಟ್) ಸೇರಿ 3.5 ಆಗುತ್ತದೆ. ಕಡಿಮೆ ಶಕ್ತಿಯವು ಕಳೆದುಹೋಗಿ ಹೆಚ್ಚು ಶಕ್ತಿಯವು ಹುಟ್ಟಿಕೊಳ್ಳುವುದರಿಂದ ರೋಹಿತ ತಾನಾಗಿ ಚಪ್ಪಟೆಯಾಗುತ್ತದೆ, ಥೇಟ್ ಜೆಟ್‌ನ ಹಾಗೆ. ಸೆಕೆಂಡಿಗೆ 0.03 ಫೋಟಾನ್ ಬಂದರೂ ಫ್ರೇಮಿಗೆ 0.1 ಆಯಿತು, ಅಲ್ಲಿಂದಲೇ ಎಚ್ಚರವಿರಲಿ. ಕ್ಯಾಮೆರಾ ಚಿಪ್‌ನ ಎಂಟನೇ ಒಂದು ಭಾಗ ಮಾತ್ರ ಓದಿಸಿದ ವೀಕ್ಷಣೆಯಾದರೆ ಫ್ರೇಮ್ ಸುಮಾರು 0.4 ಸೆಕೆಂಡಿಗೆ ಇಳಿಯುತ್ತದೆ, ಅಂಥದ್ದು ಸಂಗ್ರಹದಲ್ಲಿದ್ದರೆ ಅದನ್ನೇ ಆರಿಸಿ. ಇಲ್ಲವಾದರೆ ರೋಹಿತ ಹೊಂದಿಸುವ ಶೆರ್ಪಾ ತಂತ್ರಾಂಶದಲ್ಲಿ ಪೈಲ್-ಅಪ್ ಮಾದರಿ ಸೇರಿಸಿ ಮತ್ತೆ ಹೊಂದಿಸಿ.

ಎರಡನೆಯದಾಗಿ ವೃತ್ತದ ಅಳತೆ. ಚಂದ್ರಾ ದತ್ತಾಂಶಕ್ಕೆಂದೇ ಇರುವ ಸಿಯಾವೊ ತಂತ್ರಾಂಶದಲ್ಲಿ ಮೊದಲು ದತ್ತಾಂಶವನ್ನು ಮರುಸಂಸ್ಕರಿಸುವ ಚಂದ್ರಾ-ರೀಪ್ರೊ ಓಡಿಸಿ, 0.5ರಿಂದ 7 ಕೆಇವಿ ಮಾತ್ರ ಉಳಿಸಿಕೊಂಡು, ಚಿತ್ರ ನೋಡುವ ಡಿಎಸ್9 ತಂತ್ರಾಂಶದಲ್ಲಿ ಕ್ವೇಸಾರ್ ಮೇಲೆ 2 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತ ಎಳೆಯಿರಿ. ಹಿನ್ನೆಲೆಗೆ ದೂರದ ಉಂಗುರ. ಚಂದ್ರಾದ ಹಿನ್ನೆಲೆ ಎಷ್ಟು ಕಡಿಮೆಯೆಂದರೆ 50,000 ಸೆಕೆಂಡಿನ ವೀಕ್ಷಣೆಯಲ್ಲಿ ಅಂಥ ವೃತ್ತದೊಳಗೆ ಬೀಳುವುದು ಒಂದೆರಡು ಫೋಟಾನ್. ವೃತ್ತವನ್ನು ಹತ್ತು ಆರ್ಕ್‌ಸೆಕೆಂಡಿಗೆ ಹಿಗ್ಗಿಸಿದ್ದರೆ, 3ಸಿ 186ರಂಥ ಕಡೆ ಗುಂಪಿನ ಬಿಸಿ ಅನಿಲವೂ ಒಳಗೆ ಬಂದು ನಿಮ್ಮ ರೋಹಿತ ಕಲಬೆರಕೆಯಾಗಿರುತ್ತದೆ.

ಮೂರನೆಯದಾಗಿ, ನಡುವಿನ ಅನಿಲ ಹೀರಿಕೊಂಡ ಪಾಲು. ಕಡಿಮೆ ಶಕ್ತಿಯ ಕ್ಷ-ಕಿರಣ ಮೊದಲು ಹೀರಿಹೋಗುವುದರಿಂದ, ಹೀರಿಕೆಯನ್ನು ಮಾದರಿಗೆ ಸೇರಿಸದಿದ್ದರೆ ರೋಹಿತ ಚಪ್ಪಟೆಯಾಗಿ ಕಾಣುತ್ತದೆ. ನಮ್ಮ ಗ್ಯಾಲಕ್ಸಿಯ ಹೈಡ್ರೊಜನ್ ಪ್ರಮಾಣವನ್ನು ರೇಡಿಯೊ ನಕ್ಷೆಯಿಂದ ತೆಗೆದು ಸ್ಥಿರವಾಗಿಡಿ. ಕ್ವೇಸಾರ್‌ನದೇ ಹೀರಿಕೆಯನ್ನು ಅದರ ಕೆಂಪುಪಲ್ಲಟದಲ್ಲಿ ಬೇರೆಯಾಗಿ ಸೇರಿಸಿ. ಕೆಂಪುಪಲ್ಲಟ 1ರಲ್ಲಿ ಹೀರಿಕೆಯ ಗುರುತು ಕೆಳಗಿನ ಶಕ್ತಿಗೆ ಜಾರಿ ಆರೇಳು ಪಟ್ಟು ಕ್ಷೀಣವಾಗಿರುತ್ತದೆ, ಅದನ್ನು ಹಿಡಿಯುವುದು ಸುಲಭವಲ್ಲ. ಘಾತವೂ ಹೀರಿಕೆಯೂ ಒಂದನ್ನೊಂದು ಎಳೆದಾಡುತ್ತವೆ. ಎರಡಕ್ಕೂ ಸೇರಿ ನಂಬಿಕೆಯ ವಲಯ ಬರೆಯದೆ ಘಾತದ ಅಂಕಿಯೊಂದನ್ನೇ ಕೊಡಬೇಡಿ. ಇದರ ಜೊತೆಗೆ ಏಸಿಸ್‌ನ ಸೋಸುಪರದೆಯ ಮೇಲೆ ವರ್ಷದಿಂದ ವರ್ಷಕ್ಕೆ ಕೊಳೆ ಕಟ್ಟಿ ಕಡಿಮೆ ಶಕ್ತಿಯ ಫೋಟಾನ್‌ಗಳು ಒಳಗೆ ಬರುವುದು ಕಡಿಮೆಯಾಗಿದೆ. ಹಳೆಯ ತಿದ್ದುಪಡಿ ಕಡತಗಳನ್ನು ಬಳಸಿದರೆ ಆ ಕೊಳೆ ನಿಮ್ಮ ಕ್ವೇಸಾರ್‌ನ ಅನಿಲವಾಗಿ ತೋರುತ್ತದೆ. ಇತ್ತೀಚಿನ ಕಾಲ್‌ಡಿಬಿ, ಎಂದರೆ ಆ ತಿದ್ದುಪಡಿ ಕಡತಗಳ ಸಂಗ್ರಹ, ಹಾಕಿಕೊಂಡಿದ್ದೀರೋ ನೋಡಿ.

ಫೋಟಾನ್‌ಗಳ ಎಣಿಕೆಯನ್ನೂ ಮರೆಯಬಾರದು. 20 ಫೋಟಾನ್ ಸಿಕ್ಕಿದ್ದರೆ ಅನಿಶ್ಚಿತತೆ ನಾಲ್ಕೂವರೆ, ಎಂದರೆ ಶೇಕಡಾ 22. ಇಷ್ಟು ಕಡಿಮೆಯಿದ್ದಾಗ ಮಾದರಿ ಹೊಂದಿಸುವ ಕೈ-ವರ್ಗ (chi-square) ವಿಧಾನ ದಾರಿ ತಪ್ಪಿಸುತ್ತದೆ, ಕಡಿಮೆ ಎಣಿಕೆಗೆ ಹೊಂದುವ ಸಿ-ಸ್ಟಾಟ್ (C-stat) ಬಳಸಿ.

ಇಷ್ಟೆಲ್ಲ ಆದಮೇಲೂ ಘಾತ 1.5ರ ಕೆಳಗೇ ಉಳಿದರೆ ರೇಡಿಯೊ ಕಡೆ ತಿರುಗಿ. ಒಟ್ಟು ರೇಡಿಯೊ ಹೊಳಪಿನಲ್ಲಿ ನಡುಬಿಂದುವಿನ ಪಾಲು ಎಷ್ಟು? ನೂರಕ್ಕೆ ಒಂದೆರಡು ಮಾತ್ರ ಇದ್ದರೆ ಜೆಟ್ ನಮ್ಮತ್ತ ಮುಖ ಮಾಡಿಲ್ಲ, ಜೆಟ್ ವಿವರಣೆಗೆ ಬಲ ಸಾಲದು. ಅರ್ಧಕ್ಕಿಂತ ಹೆಚ್ಚಿದ್ದರೆ ಬರೆಯಲು ಧೈರ್ಯ ಮಾಡಬಹುದು. ಕಬ್ಬಿಣದ ಗೆರೆ ಹುಡುಕುವಾಗ 6.4ನ್ನು ಕೆಂಪುಪಲ್ಲಟಕ್ಕೆ ಒಂದು ಕೂಡಿಸಿ ಭಾಗಿಸಲು ಮರೆಯಬೇಡಿ. 3ಸಿ 186ಕ್ಕಾದರೆ 3.1 ಕೆಇವಿಯಲ್ಲಿ ನೋಡಬೇಕು.

ನಮ್ಮ ಇಸ್ರೊದ ಆಸ್ಟ್ರೊಸ್ಯಾಟ್ ಉಪಗ್ರಹ ಬಳಸಬಾರದೇ ಎಂದೂ ಕೇಳಿದ್ದೀರಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಅದರ ಮೃದು ಕ್ಷ-ಕಿರಣ ದೂರದರ್ಶಕದ ನೋಟ ಒಂದೆರಡು ಆರ್ಕ್‌ಮಿನಿಟಿನಷ್ಟು ಹರಡಿಕೊಂಡಿರುತ್ತದೆ. ಹೊಳೆಯುವ ಬ್ಲೇಜಾರ್‌ಗಳ (ಜೆಟ್ ನೇರ ನಮ್ಮತ್ತ ತಿರುಗಿರುವವುಗಳ) ಏರಿಳಿತ ನೋಡಲು ಅದು ಚೆನ್ನಾಗಿದೆ. ದೂರದ ಮಸುಕು ಎಳೆಯ ಕ್ವೇಸಾರ್‌ಗೆ ಚಂದ್ರಾ ಅಥವಾ ಯುರೋಪಿನ ಕ್ಷ-ಕಿರಣ ಉಪಗ್ರಹ ಎಕ್ಸ್‌ಎಂಎಂ-ನ್ಯೂಟನ್ ಬೇಕು.

ಪ್ರಶ್ನೆ: ದೂರ ಹೋದಂತೆ ಎಲ್ಲವೂ ಮಸುಕಾಗಬೇಕು. ಅತಿ ದೂರದ ಕ್ವೇಸಾರ್‌ಗಳ ಜೆಟ್ ಕ್ಷ-ಕಿರಣದಲ್ಲಿ ಕಂಡದ್ದು ಹೇಗೆ?
— ಓದುಗರು, ಮಡಿಕೇರಿ

ಚಂದ್ರಾ 1999ರ ಆಗಸ್ಟ್‌ನಲ್ಲಿ ಮೊದಲು ನೋಡಿದ ಕ್ವೇಸಾರ್ ಪಿಕೆಎಸ್ 0637-752. ಅದನ್ನು ಆರಿಸಿದ್ದು ಬರೀ ಫೋಕಸ್ ಸರಿಪಡಿಸಲು. ಬಿಂದು ಎಂದುಕೊಂಡಿದ್ದರ ಪಕ್ಕದಲ್ಲಿ ಉದ್ದನೆಯ ಜೆಟ್ ಕಂಡಿತು. ಅಂಥ ಜೆಟ್ ಸಿಂಕ್ರೊಟ್ರಾನ್‌ನಿಂದ, ಎಂದರೆ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಸುತ್ತುವುದರಿಂದ, ಕ್ಷ-ಕಿರಣ ಕೊಡಬೇಕಾದರೆ ಎಲೆಕ್ಟ್ರಾನ್‌ಗಳಿಗೆ ವಿಪರೀತ ಶಕ್ತಿ ಬೇಕು. ನೂರು ಮೈಕ್ರೊಗಾಸ್ ಕ್ಷೇತ್ರದಲ್ಲಿ ಅವು ನೂರು ವರ್ಷದಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ. ಜೆಟ್‌ನ ಉದ್ದವೋ ಲಕ್ಷಗಟ್ಟಲೆ ಜ್ಯೋತಿರ್ವರ್ಷ. ಬುಡದಲ್ಲಿ ಹೊರಟ ಎಲೆಕ್ಟ್ರಾನ್ ತುದಿ ಮುಟ್ಟುವ ಮೊದಲೇ ಸುಸ್ತಾಗುತ್ತದೆ, ದಾರಿಯುದ್ದಕ್ಕೂ ಮತ್ತೆ ಮತ್ತೆ ಚುರುಕುಗೊಳಿಸಬೇಕು.

ಅದಕ್ಕೆ ಬದಲಾಗಿ ಬಂದ ವಿವರಣೆ ಇದು: ವಿಶ್ವವನ್ನೆಲ್ಲ ತುಂಬಿರುವ ಹಿನ್ನೆಲೆ ಮೈಕ್ರೊವೇವ್‌ಗಳೇ ಚೆಂಡು, ಜೆಟ್‌ನ ಸಾಧಾರಣ ಎಲೆಕ್ಟ್ರಾನ್‌ಗಳೇ ಕೋಲು. ವಿಶ್ವ ಚಿಕ್ಕದಿದ್ದಾಗ ಈ ಹಿನ್ನೆಲೆ ದಟ್ಟವಾಗಿತ್ತು. ಅದರ ಶಕ್ತಿ ಸಾಂದ್ರತೆ, ಕೆಂಪುಪಲ್ಲಟಕ್ಕೆ ಒಂದು ಕೂಡಿಸಿ ನಾಲ್ಕನೆಯ ಘಾತಕ್ಕೆ ಏರಿಸಿದಷ್ಟು. ಕೆಂಪುಪಲ್ಲಟ 6ರಲ್ಲಿ ಏಳರ ನಾಲ್ಕನೆಯ ಘಾತ, 2,401 ಪಟ್ಟು. ದೂರದಿಂದ ಆಗುವ ನಷ್ಟವನ್ನು ಇದು ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಕೆಂಪುಪಲ್ಲಟ 5.83ರ ಒಂದು ರೇಡಿಯೊ ಜೋರಿನ ಕ್ವೇಸಾರ್‌ನಿಂದ ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿ ಚಂದ್ರಾ ಕ್ಷ-ಕಿರಣದ ಚುಕ್ಕಿಯೊಂದನ್ನು ಕಂಡಿದ್ದು, ಜೆಟ್‌ನದೆಂದು 2021ರಲ್ಲಿ ವರದಿಯಾಯಿತು.

ಆದರೆ ಈ ವಿವರಣೆಯನ್ನು ಹತ್ತಿರದ ಜೆಟ್‌ಗಳಿಗೆ ಹಚ್ಚಿದಾಗ ಕೈಕೊಟ್ಟಿತು. ಅದು ನಿಜವಾದರೆ ಗಾಮಾ ಕಿರಣವೂ ಇಂತಿಷ್ಟು ಬರಲೇಬೇಕಿತ್ತು. ಫರ್ಮಿ ವರ್ಷಗಟ್ಟಲೆ ನೋಡಿಯೂ 3ಸಿ 273ರಲ್ಲಿ, ಆಮೇಲೆ ಪಿಕೆಎಸ್ 0637-752ರಲ್ಲೂ ಅಷ್ಟು ಸಿಗಲಿಲ್ಲ. ಅವೆರಡಕ್ಕೆ ಮತ್ತೆ ಸಿಂಕ್ರೊಟ್ರಾನ್ ಕಡೆಗೇ ವಾಲಬೇಕಾಗಿದೆ.

ಪ್ರಶ್ನೆ: ಶಾಲೆಯಲ್ಲಿ 8 ಇಂಚಿನ ದೂರದರ್ಶಕ ಇದೆ. ಮಕ್ಕಳಿಗೆ ಒಂದಾದರೂ ಕ್ವೇಸಾರ್ ತೋರಿಸಬಹುದೇ?
— ಪ್ರೌಢಶಾಲಾ ಶಿಕ್ಷಕಿ, ಸೋಮವಾರಪೇಟೆ

ಖಂಡಿತ ತೋರಿಸಬಹುದು. ಎಳೆಯವು ಬಹಳ ಮಸುಕಾಗಿರುವುದರಿಂದ ಅವು ಸಿಗುವುದಿಲ್ಲ. ಆದರೆ 3ಸಿ 273 ಇದೆ. ಕ್ವೇಸಾರ್‌ಗಳು ಅಷ್ಟು ದೂರದವು ಎಂದು 1963ರಲ್ಲಿ ಮಾರ್ಟೆನ್ ಶ್ಮಿಟ್ ಕಂಡುಹಿಡಿದದ್ದು ಇದರ ರೋಹಿತದಿಂದಲೇ. ಕೆಂಪುಪಲ್ಲಟ 0.158, ಬೆಳಕು ಹೊರಟು ಸುಮಾರು 200 ಕೋಟಿ ವರ್ಷ. ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು) 12.9ರ ಆಸುಪಾಸು.

ಇದು ಕನ್ಯಾ ರಾಶಿಯಲ್ಲಿದೆ. ವಿಷುವದಂಶ 12 ಗಂಟೆ 29 ನಿಮಿಷ, ಘಂಟಾವೃತ್ತಾಂಶ ಉತ್ತರ 2 ಡಿಗ್ರಿ 3 ನಿಮಿಷ. ಈಟಾ ವರ್ಜಿನಿಸ್ ನಕ್ಷತ್ರದಿಂದ ಈಶಾನ್ಯಕ್ಕೆ ಮೂರೂವರೆ ಡಿಗ್ರಿ. ಕೊಡಗಿನಿಂದ ನೋಡಿದರೆ ಏಪ್ರಿಲ್ ಮೊದಲ ವಾರ ನಡುರಾತ್ರಿ 12ಕ್ಕೆ, ಏಪ್ರಿಲ್ 20ರ ಹೊತ್ತಿಗೆ ರಾತ್ರಿ 11ಕ್ಕೆ, ನೆತ್ತಿಯಿಂದ ಹತ್ತು ಡಿಗ್ರಿ ದಕ್ಷಿಣಕ್ಕೆ ಬಂದಿರುತ್ತದೆ. ಚಂದ್ರನಿಲ್ಲದ ದಿನ ಆರಿಸಿ. ಹೂಮಳೆ ಬಿದ್ದ ಮಾರನೆಯ ರಾತ್ರಿ ಸಿಕ್ಕರೆ ಇನ್ನೂ ಒಳ್ಳೆಯದು, ಬೇಸಿಗೆಯ ದೂಳೂ ಹೊಗೆಯೂ ತೊಳೆದು ಹೋಗಿರುತ್ತದೆ.

ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಅಂಗಳದಲ್ಲಿಡಿ, ಒಳಗಿನ ಬಿಸಿಗಾಳಿ ಹೋಗದಿದ್ದರೆ ನಕ್ಷತ್ರಗಳು ಕುದಿಯುತ್ತವೆ. ನಿಮ್ಮ ಕಡೆ ಕೈಕೊಡುವುದು ಹೆಚ್ಚಾಗಿ ಇಬ್ಬನಿ. ಮುಂದೆ ಗಾಜಿನ ಫಲಕ ಇರುವ ದೂರದರ್ಶಕವಾದರೆ ಕಪ್ಪು ಡ್ರಾಯಿಂಗ್ ಶೀಟನ್ನು ಕೊಳವೆಯಂತೆ ಸುತ್ತಿ ಮುಂದಕ್ಕೆ 12 ಇಂಚು ಚಾಚುವಂತೆ ಕಟ್ಟಿ. ಗಾಜನ್ನು ಬಟ್ಟೆಯಿಂದ ಒರೆಸಬೇಡಿ, ಲೇಪ ಗೀರಿಹೋಗುತ್ತದೆ. ಹೇರ್ ಡ್ರೈಯರ್‌ನ ಕಡಿಮೆ ಬಿಸಿ ಸಾಕು.

ಮೊದಲು 50 ಪಟ್ಟಿನಲ್ಲಿ ಜಾಗ ಹಿಡಿದು, ಆಮೇಲೆ 150 ಪಟ್ಟಿಗೆ ಏರಿಸಿ. ಏರಿಸಿದಷ್ಟೂ ಆಕಾಶದ ಹಿನ್ನೆಲೆ ಕಪ್ಪಾಗಿ ಮಸುಕು ಚುಕ್ಕಿಗಳು ಎದ್ದು ಕಾಣುತ್ತವೆ. ಕ್ವೇಸಾರ್ ಅಕ್ಕಪಕ್ಕದ ನಕ್ಷತ್ರಗಳಂತೆಯೇ ಒಂದು ಚುಕ್ಕಿ, ನಕ್ಷೆ ಇಲ್ಲದೆ ಗುರುತು ಸಿಗುವುದಿಲ್ಲ. ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘ 3ಸಿ 273ಕ್ಕೆ ನಕ್ಷೆ ಸಿದ್ಧಪಡಿಸಿದೆ, ಸುತ್ತಲಿನ ನಕ್ಷತ್ರಗಳ ಕಾಂತಿಮಾನವೂ ಅದರಲ್ಲಿರುತ್ತದೆ. ನಿಮ್ಮ ದೂರದರ್ಶಕ ಚಿತ್ರವನ್ನು ತಲೆಕೆಳಗು ಮಾಡುತ್ತದೋ, ಎಡಬಲ ಬದಲಿಸುತ್ತದೋ ನೋಡಿಕೊಂಡು ನಕ್ಷೆಯನ್ನೂ ಹಾಗೆಯೇ ಮುದ್ರಿಸಿಕೊಳ್ಳಿ. ಹೆಚ್ಚಿನವರು ಸೋಲುವುದು ಇಲ್ಲೇ. ಮಕ್ಕಳಿಗೆ ನೇರ ದಿಟ್ಟಿಸದೆ ಚುಕ್ಕಿಯ ತುಸು ಪಕ್ಕಕ್ಕೆ ನೋಡಲು ಹೇಳಿ, ಕಣ್ಣಿನ ಅಂಚಿಗೆ ಮಸುಕು ಬೆಳಕು ಬೇಗ ದಕ್ಕುತ್ತದೆ. ಜೆಟ್ ಕಾಣುವುದಿಲ್ಲ. ಅದು ಚುಕ್ಕಿಯಿಂದ 11 ಆರ್ಕ್‌ಸೆಕೆಂಡ್ ಆಚೆ ಶುರುವಾಗುತ್ತದಾದರೂ ಬಹಳ ಕ್ಷೀಣ. ಟಾರ್ಚ್‌ಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿರಿ, ಒಬ್ಬರು ಬಿಳಿ ಬೆಳಕು ಹಾಕಿದರೂ ಎಲ್ಲರ ಕಣ್ಣು ಕತ್ತಲಿಗೆ ಮತ್ತೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಕಾಯಬೇಕಾಗುತ್ತದೆ.